ನಿಮಗಿದು ಗೊತ್ತೆ? ಟಿಪ್ಪು, ವಾಷಿಂಗ್ಟನ್‌ ಮಡಿದ ವರ್ಷ ಒಂದೇ!

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬ್ರಿಟಿಷರ ವಶವಾಯಿತು. ಟಿಪ್ಪು ಸುಲ್ತಾನ್ ಹೋರಾಡುತ್ತಲೇ ಮಡಿದ. ಅದೇ ವರ್ಷದ ಡಿಸೆಂಬರ್ 14ರಂದು ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮೌಂಟ್ ವರ್ನನ್‌ನ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು. ಗಂಟಲ ಬೇನೆಗೆ ವೈದ್ಯರು ಮಾಡಿದ್ದು ಮತ್ತೆ ಮತ್ತೆ ರಕ್ತ ತೆಗೆಯುವ ಚಿಕಿತ್ಸೆ. ಆ ಕಾಲದ ವೈದ್ಯವೇ ಹಾಗಿತ್ತು!

ಇಬ್ಬರಿಗೂ ಎದುರಾಳಿಯಾಗಿದ್ದವನು ಒಬ್ಬನೇ, ಬ್ರಿಟಿಷ್ ಸೇನಾನಿ ಲಾರ್ಡ್ ಕಾರ್ನ್‌ವಾಲಿಸ್. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರಲ್ಲಿ, ಯಾರ್ಕ್‌ಟೌನ್‌ನಲ್ಲಿ ಅವನ ಸೇನೆ ವಾಷಿಂಗ್ಟನ್‌ಗೆ ಶರಣಾಯಿತು. ಕಾಯಿಲೆಯ ನೆಪ ಹೇಳಿ ಅವನು ಶರಣಾಗತಿಯ ಮೆರವಣಿಗೆಗೇ ಬರಲಿಲ್ಲ. ಸೋತವನಿಗೆ ಶಿಕ್ಷೆಯಾಯಿತೇ? ಇಲ್ಲ, 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೇ ಬಂದ. 1792ರಲ್ಲಿ ಟಿಪ್ಪುವನ್ನು ಮಣಿಸಿ, ಅರ್ಧ ರಾಜ್ಯವನ್ನು ಕಿತ್ತುಕೊಂಡು, ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಳುಗಳಾಗಿ ಕರೆದೊಯ್ದ.

ಟಿಪ್ಪುವಿನ ತಂದೆ ಹೈದರ್ ಅಲಿಯ ಹೆಸರು ಅಮೆರಿಕಕ್ಕೂ ತಲುಪಿತ್ತು. ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆಯ ಹೆಸರು ‘ಹೈದರ್ ಅಲಿ’. 1782ರಲ್ಲಿ ಅದು ಬ್ರಿಟಿಷರ ‘ಜನರಲ್ ಮಾಂಕ್’ ಹಡಗನ್ನು ಸೆರೆಹಿಡಿಯಿತು.

ಅದೇ 1799ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡವನು ನಾಟಕಕಾರ ಬೊಮಾರ್ಷೆ. ಬೇನಾಮಿ ಕಂಪನಿಯೊಂದನ್ನು ಕಟ್ಟಿ ಅಮೆರಿಕದ ಬಂಡಾಯಗಾರರಿಗೆ ಬಂದೂಕು, ಮದ್ದುಗುಂಡು ಸಾಗಿಸಿದ್ದ ಪುಣ್ಯಾತ್ಮ ಈತನೇ.