ಬಿದ್ದರೆ ಯಾರು ಹೊಣೆ?



ಕಳೆದ ತಿಂಗಳ ಸಂಘದ ಸಭೆಯಲ್ಲಿ ಒಬ್ಬ ತಾಯಿ ಸಿಟ್ಟಿನಿಂದಲೇ ಕೇಳಿದರು: "ಮಗೂನ ಮರ ಹತ್ತೋಕೆ ಬಿಟ್ಟಿದ್ದೀರಲ್ಲ ಸಿಸ್ಟರ್, ಬಿದ್ರೆ ಯಾರು ಹೊಣೆ?" ಅವರ ನಾಲ್ಕು ವರ್ಷದ ಮಗ ಬಾಲವಾಡಿಯ ಸೀಬೆ ಮರದಿಂದ ಜಾರಿ ಮೊಣಕೈ ತರಚಿಕೊಂಡಿದ್ದ. ಹಿಂದೊಮ್ಮೆ ಇಂಥದೇ ದೂರು ಬಂದಾಗ ನಾವು ಹೆದರಿ, ಬಾಗಿಲು ಹಾಕಿಸಿ ಮಕ್ಕಳನ್ನು ಒಳಗೇ ಕೂರಿಸಿದ್ದೆವು. ಅದು ನಮ್ಮ ತಪ್ಪು. ಎರಡೇ ವಾರದಲ್ಲಿ ಒಳಗೆ ತಳ್ಳಾಟ, ಕಚ್ಚಾಟ ಶುರುವಾಯಿತು, ಗಾಯವೇನೂ ಕಡಿಮೆಯಾಗಲಿಲ್ಲ.

ನಾವು ಎಲ್ಲಕ್ಕೂ ಅಪಾಯ ಅಂತಲೇ ಹೇಳುತ್ತೇವೆ. ಆದರೆ ಗಟ್ಟಿ ಕೊಂಬೆಯ ಎತ್ತರ ಮಗುವಿನ ಕಣ್ಣಿಗೆ ಕಾಣುತ್ತದೆ. ತನ್ನ ಕೈಲಾಗುತ್ತೋ ಇಲ್ಲವೋ ಎಂದು ಅದೇ ಅಳೆದು ನೋಡುತ್ತದೆ, ಹಾಗೆ ಅಳೆಯುವುದೇ ಕಲಿಕೆ. ಮುಚ್ಚದ ಕೊಳವೆ ಬಾವಿ, ಬೇಲಿಯಿಲ್ಲದ ಕೃಷಿ ಹೊಂಡ, ಜೋತುಬಿದ್ದ ಕರೆಂಟ್ ತಂತಿ, ಒಳಗೇ ಲಡ್ಡಾದ ಕೊಂಬೆ ಹಾಗಲ್ಲ. ಅವು ಮಗುವಿಗೆ ಗೊತ್ತೇ ಆಗುವುದಿಲ್ಲ. ಅವನ್ನು ಸರಿಪಡಿಸುವುದು ದೊಡ್ಡವರ ಕೆಲಸ, ಅದರಲ್ಲಿ ರಾಜಿಯಿಲ್ಲ. ನೀರಿನ ಹತ್ತಿರವಂತೂ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ.

ನಾರ್ವೆ ದೇಶದ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಇಂಥ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು: ಎತ್ತರ, ವೇಗ, ಹರಿತವಾದ ಸಾಮಾನು, ಬೆಂಕಿ-ನೀರಿನ ಹತ್ತಿರದ ಆಟ, ಗುದ್ದಾಟ, ದೊಡ್ಡವರ ಕಣ್ಣು ತಪ್ಪಿಸಿ ತಿರುಗುವುದು. ಓದಿ ನಮಗೆ ನಗು ಬಂತು. ಟೈರ್ ಓಡಿಸುವುದು, ಮರಕೋತಿ ಆಟ ಎಲ್ಲಾ ಅದರಲ್ಲೇ ಇದೆ!

ಒಂದು ಮಾತು ನೆನಪಿರಲಿ. ಮಗುವನ್ನು ಎತ್ತಿ ಮರದ ಮೇಲೆ ಕೂರಿಸಬೇಡಿ. ತಾನೇ ಹತ್ತಲಾರದ ಎತ್ತರದಿಂದ ಇಳಿಯಲೂ ಅದಕ್ಕೆ ಬರುವುದಿಲ್ಲ. "ಬೀಳ್ತೀಯಾ, ಬೀಳ್ತೀಯಾ" ಎಂದು ಕೂಗಿದರೆ ಗಮನ ತಪ್ಪುತ್ತದೆ, "ಈಗ ಕಾಲು ಎಲ್ಲಿಡ್ತೀಯಾ?" ಎಂದು ಕೇಳಿ. ತರಚಿದ ಗಾಯವನ್ನು ಸೋಪು ನೀರಿನಲ್ಲಿ ತೊಳೆಯಿರಿ. ತಲೆಗೆ ಪೆಟ್ಟಾಗಿ ವಾಂತಿ, ಮಂಪರು ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಆ ತಾಯಿಗೆ, ಹೊಣೆ ನಮ್ಮದೇ ಎಂದೆವು. ಮರದ ಕೆಳಗಿನ ಕಲ್ಲು ತೆಗೆಸಿ ಮಣ್ಣು ಸಡಿಲ ಮಾಡಿಸಿದೆವು, ಹತ್ತುವ ಹೊತ್ತಿಗೆ ಸಹಾಯಕಿ ಅಲ್ಲೇ ನಿಲ್ಲುತ್ತಾರೆ. ಮರುವಾರ ಅವರೇ ಬಂದು ನೋಡಿದರು. "ಇವನೇನೋ ಗಂಡು, ಹತ್ಲಿ. ಅಕ್ಕಂಗೆ ಬೇಡ" ಎಂದರು. ಆ ಐದು ವರ್ಷದ ಅಕ್ಕ ಆಗಲೇ ಎರಡನೇ ಕೊಂಬೆಯಲ್ಲಿದ್ದಳು! ಈ ವಿಷಯ ಇನ್ನೊಂದು ಸಭೆಗೇ ಆಗುವಷ್ಟಿದೆ.

ಈ ಸಲ ಬರುವಾಗ ನಿಮ್ಮ ಬೀದಿಯಲ್ಲಿ ಮುಚ್ಚದ ಬಾವಿ, ಹೊಂಡ ಎಲ್ಲೆಲ್ಲಿವೆ ಎಂದು ನೋಡಿಕೊಂಡು ಬನ್ನಿ. ಎಲ್ಲರೂ ಸಹಿ ಹಾಕಿ ಪಂಚಾಯಿತಿಗೆ ಅರ್ಜಿ ಕೊಡೋಣ.