ಹಿನಕಲ್ಲಿನ ಹೆಪ್ಪು, ನಮ್ಮ ತೊಟ್ಟಿಯ ಲೋಳೆ

ಹುಣಸೂರು ರಸ್ತೆಯಲ್ಲಿ ಮೈಸೂರಿಗೆ ಹೋಗಿ ಬರುವ ನಮ್ಮ ಬೆಳೆಗಾರರಿಗೆ ಹಿನಕಲ್ ಹೊಸ ಹೆಸರಲ್ಲ. ಒಂದು ಕಾಲಕ್ಕೆ ನನ್ನೇಶ್ವರ ದೇವಾಲಯದ ಹಳ್ಳಿ. ಈಗ ವರ್ತುಲ ರಸ್ತೆ ಬಂದು, ಮನೆಗಳು ಎದ್ದು, ನಗರ ಎಲ್ಲಿ ಶುರುವಾಯಿತೆಂದೇ ತಿಳಿಯುವುದಿಲ್ಲ. ಕಳೆದ ಕೊಯ್ಲು ಮುಗಿದ ಮೇಲೆ ನಾವು ಮೂವರು ಅಲ್ಲಿ, ನಮ್ಮಲ್ಲೊಬ್ಬರ ತಂಗಿಯ ಮನೆಯಲ್ಲಿ, ಒಂದು ರಾತ್ರಿ ತಂಗಿದ್ದೆವು. ಊಟವಾದ ಮೇಲೆ ಆಕೆ ಹಾಲಿನ ಪಾತ್ರೆಯನ್ನು ಮುಟ್ಟಿ ಬಿಸಿ ನೋಡಿ, ಒಂದು ಚಮಚ ಮೊಸರು ಬಿಟ್ಟು ಮುಚ್ಚಿಟ್ಟರು. ಪಕ್ಕದಲ್ಲಿ ರುಬ್ಬಿಟ್ಟ ಇಡ್ಲಿ ಹಿಟ್ಟು.

"ನಮ್ಮ ಕಾಫಿ ತೊಟ್ಟೀಲಿ ನಡೆಯೋದೂ ಇದೇ ಕಣಮ್ಮ" ಎಂದರು ಅಣ್ಣ.

"ಹಾಗಾದ್ರೆ ಆ ತೊಟ್ಟಿ ತೊಳೆದ ನೀರು ಎಲ್ಲಿಗೆ ಹೋಗುತ್ತೆ ಅಣ್ಣಯ್ಯ? ನಿಮ್ಮ ಕಾವೇರೀನೇ ತಾನೆ ನಾವು ಕುಡಿಯೋದು?"

ಮೂವರೂ ಸುಮ್ಮನಾದೆವು. ಕಾರಣವಿತ್ತು, ಅದನ್ನು ಮುಂದೆ ಹೇಳುತ್ತೇವೆ. ಮೊದಲು ಹೆಪ್ಪಿನ ವಿಚಾರ.

ಹಾಲನ್ನು ಮೊಸರು ಮಾಡುವುದು ಆ ಚಮಚದಲ್ಲಿದ್ದ ಬ್ಯಾಕ್ಟೀರಿಯಾ. ಇವು ಒಂದೇ ಕೋಶದ ಜೀವಿಗಳು. ನಮ್ಮ ಕೋಶಗಳಲ್ಲಿರುವಂಥ ನ್ಯೂಕ್ಲಿಯಸ್ ಇವುಗಳಿಗಿಲ್ಲ. ಸಾಮಾನ್ಯವಾಗಿ ಒಂದೊಂದರ ಉದ್ದ ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಪಾಲು. ಸಾವಿರವನ್ನು ಸಾಲಾಗಿ ನಿಲ್ಲಿಸಿದರೂ ಒಂದು ಸಾಸಿವೆ ಕಾಳಿನಷ್ಟಗಲ. ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೀವೆನ್‌ಹುಕ್ ತಾನೇ ಉಜ್ಜಿ ಮಾಡಿದ ಮಸೂರದಲ್ಲಿ ಇವನ್ನು ಕಂಡು 1676ರಲ್ಲಿ ಬರೆದು ತಿಳಿಸಿದ. ನಮ್ಮ ಅಜ್ಜಿಯಂದಿರು ಕಾಣದೆಯೇ ಸಾಕುತ್ತಿದ್ದರು.

ಇವುಗಳ ಬಲವಿರುವುದು ಸಂಖ್ಯೆಯಲ್ಲಿ. ಆಹಾರ, ತೇವ, ಹಿತವಾದ ಬಿಸಿ ಸಿಕ್ಕರೆ ಕೆಲವು ಜಾತಿಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತವೆ. ಆ ಲೆಕ್ಕದಲ್ಲಿ ಒಂದೇ ಒಂದು, ಏಳು ಗಂಟೆಯಲ್ಲಿ ಇಪ್ಪತ್ತು ಲಕ್ಷ ಮೀರುತ್ತದೆ. ಹಾಲಿನ ಸಕ್ಕರೆಯನ್ನು ತಿಂದು ಹುಳಿ ಬಿಡುತ್ತವೆ, ಆ ಹುಳಿಗೆ ಹಾಲು ಗಟ್ಟಿಯಾಗುತ್ತದೆ. ಕುದಿಯುವ ಹಾಲಿಗೆ ಹೆಪ್ಪು ಬಿಟ್ಟರೆ ಅವು ಸಾಯುತ್ತವೆ, ಚಳಿಗಾಲದಲ್ಲಿ ಮಂದವಾಗುತ್ತವೆ. ಇಡ್ಲಿ ಹಿಟ್ಟು ಉಬ್ಬುವುದೂ ಇಂಥವೇ ಬಿಡುವ ಅನಿಲದಿಂದ.

ಇನ್ನು ನಮ್ಮ ತೊಟ್ಟಿ. ಪಲ್ಪರಿನಿಂದ ಬಂದ ಬೀಜಕ್ಕೆ ಅಂಟಿದ ಲೋಳೆ ನೀರಿನಲ್ಲಿ ತೊಳೆದರೆ ಹೋಗುವಂಥದಲ್ಲ. ಹಣ್ಣಿನ ಜೊತೆಗೇ ತೋಟದಿಂದ ಬಂದ ಬ್ಯಾಕ್ಟೀರಿಯಾ ಮತ್ತು ಯೀಸ್ಟುಗಳು ಅದನ್ನು ಕರಗಿಸಿಕೊಡುತ್ತವೆ. ಅರೇಬಿಕಾಕ್ಕೆ ಸಾಮಾನ್ಯವಾಗಿ 24ರಿಂದ 36 ಗಂಟೆ, ರೊಬಸ್ಟಾಕ್ಕೆ ಇನ್ನೂ ಹೆಚ್ಚು. ಡಿಸೆಂಬರಿನ ಚಳಿಯಲ್ಲಿ ಹೆಪ್ಪಿನಂತೆಯೇ ಇದೂ ತಡ. ಗಡಿಯಾರಕ್ಕಿಂತ ಕೈಯನ್ನು ನಂಬುವುದು ಮೇಲು: ಹಿಡಿ ಬೀಜ ತೊಳೆದು ಹಿಚುಕಿದಾಗ ಜಾರದೆ, ಮರಳುಗಲ್ಲಿನಂತೆ ಒರಟಾಗಿ ಸದ್ದು ಮಾಡಿದರೆ ಕೆಲಸ ಮುಗಿಯಿತು. ಅಲ್ಲಿಗೆ ನಿಲ್ಲಿಸದಿದ್ದರೆ ಅವು ನಿಲ್ಲಿಸುವುದಿಲ್ಲ. ಮೂಲೆಯಲ್ಲಿ ಉಳಿದು ಕೊಳೆತ ನಾಲ್ಕು ಬೀಜ ಮರುದಿನದ ಒಳ್ಳೆಯ ಮಾಲಿಗೆ ಸೇರಿದರೆ ಲೋಟದಲ್ಲಿ ದುರ್ವಾಸನೆ ಬಂದೇ ಬರುತ್ತದೆ. ಸಂಜೆ ತೊಟ್ಟಿ ಉಜ್ಜಿಸುವುದನ್ನು ಆಳುಗಳಿಗೆ ಬಿಟ್ಟು ಮನೆಗೆ ಹೋಗುವವರು ಇದನ್ನು ಗಮನಿಸಬೇಕು.

ತೋಟದ ಮಣ್ಣಿನಲ್ಲೂ ಇವುಗಳದೇ ದುಡಿಮೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ತಿನ್ನಲಾರದು. ಹಾಲವಾಣದ ಬೇರನ್ನು ಮೆಲ್ಲಗೆ ಬಿಡಿಸಿ ನೋಡಿರಿ, ಸಣ್ಣ ಗಂಟುಗಳಿರುತ್ತವೆ. ಸೀಳಿದಾಗ ಒಳಗೆ ನಸುಗೆಂಪಾಗಿದ್ದರೆ ಅಲ್ಲಿ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದು ಗೊಬ್ಬರವಾಗಿಸುತ್ತಿವೆ ಎಂದರ್ಥ. ಮರ ಅವಕ್ಕೆ ಸಕ್ಕರೆ ಕೊಡುತ್ತದೆ. ಉದುರುವ ಎಲೆಯಿಂದ ಕಾಫಿಗೂ ಮೆಣಸಿಗೂ ಪಾಲು. ಸಿಲ್ವರ್ ಓಕಿನ ಬೇರಿನಲ್ಲಿ ಈ ಗಂಟುಗಳಿಲ್ಲ. ಮರದ ಬೆಲೆ ಎಣಿಸಿ ಹಾಲವಾಣವನ್ನೆಲ್ಲ ಕಡಿದು ಓಕು ನೆಟ್ಟದ್ದು ಜಾಣತನವೆಂದು ನಮಗೇನೂ ಅನಿಸುವುದಿಲ್ಲ.

ಹೂಮಳೆ ಬಿದ್ದೊಡನೆ ಏಳುವ ಮಣ್ಣಿನ ವಾಸನೆ ಎಲ್ಲರಿಗೂ ಇಷ್ಟ. ಅದೂ ಬಹುಮಟ್ಟಿಗೆ ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದ್ದು. ಇದೇ ಬಳಗದ ಒಂದು ಜಾತಿಯಿಂದ 1943ರಲ್ಲಿ ಸ್ಟ್ರೆಪ್ಟೊಮೈಸಿನ್ ದೊರೆತು, ಕ್ಷಯಕ್ಕೆ ಮೊದಲ ಬಾರಿ ನಿಜವಾದ ಮದ್ದಾಯಿತು. ಕ್ಷಯವೂ ಬ್ಯಾಕ್ಟೀರಿಯಾದಿಂದಲೇ ಬರುವುದೆಂದು ಕಾಖ್ 1882ರಲ್ಲೇ ತೋರಿಸಿದ್ದ, ಆದರೆ ಮದ್ದಿರಲಿಲ್ಲ. ಮೈಸೂರಿನ ಕ್ಷಯರೋಗದ ಆಸ್ಪತ್ರೆಗೆ ಹೆಸರಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರು ಅರಮನೆಯಲ್ಲಿದ್ದೂ ಆ ರೋಗದಿಂದ ಉಳಿಯಲಿಲ್ಲ. 1898ರಲ್ಲಿ ಸಂಸ್ಥಾನಕ್ಕೆ ನುಗ್ಗಿದ ಪ್ಲೇಗೂ ಇದೇ ಕುಲದ್ದು. ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿದ ಕಥೆ ಹಿರಿಯರಿಂದ ಕೇಳಿದ್ದೇವೆ.

ಹಾಗೆಂದು ಎಲ್ಲ ರೋಗವನ್ನೂ ಇವುಗಳ ತಲೆಗೆ ಕಟ್ಟಬಾರದು. ಅಡಿಕೆಯ ಕೊಳೆರೋಗ ಬ್ಯಾಕ್ಟೀರಿಯಾದ್ದಲ್ಲ. ಬೂಸ್ಟನ್ನು ಹೋಲುವ ಫೈಟಾಪ್ತೊರಾದ್ದು. ಶೃಂಗೇರಿ, ಕೊಪ್ಪ, ಸುಳ್ಯದ ಕಡೆ ತೋಟಗಳನ್ನು ಬರಿದು ಮಾಡಿದ ಹಳದಿ ಎಲೆ ರೋಗಕ್ಕೆ ಕಾರಣ ಮಾತ್ರ ಹೊರಗೋಡೆಯೇ ಇಲ್ಲದ ಒಂದು ಬಗೆಯ ಬ್ಯಾಕ್ಟೀರಿಯಾ, ಫೈಟೊಪ್ಲಾಸ್ಮಾ. ಅದಕ್ಕೆ ಬೋರ್ಡೋ ದ್ರಾವಣ ಹೊಡೆದು ಫಲವಿಲ್ಲ. ನಮ್ಮ ಮೈಯಲ್ಲಂತೂ ನಮ್ಮ ಕೋಶಗಳೆಷ್ಟೋ ಹೆಚ್ಚುಕಡಿಮೆ ಅಷ್ಟೇ ಬ್ಯಾಕ್ಟೀರಿಯಾ ಇವೆ. ಅವುಗಳಲ್ಲಿ ಹೆಚ್ಚಿನವು ಕರುಳಿನಲ್ಲಿದ್ದು, ನಾವು ಅರಗಿಸಲಾರದ ನಾರನ್ನು ಅರಗಿಸಿ, ಕೆಲವು ಜೀವಸತ್ವಗಳನ್ನೂ ಮಾಡಿಕೊಡುತ್ತವೆ. ಕರುಳಿನಲ್ಲಿ ನೆಂಟನಾದದ್ದೇ ಕೆಲವೊಮ್ಮೆ ಗಾಯಕ್ಕೋ ಮೂತ್ರಕೋಶಕ್ಕೋ ಹೊಕ್ಕರೆ ರೋಗ.

ತೊಟ್ಟಿಯ ಕಥೆಯೂ ಇದೇ, ಜಾಗ ತಪ್ಪಿದ್ದು. ಕಳೆದ ಜನವರಿಯ ಒಂದು ಸಂಜೆ, ಇಂಗುಗುಂಡಿ ತುಂಬಿತೆಂದು ನಾವು ತೊಟ್ಟಿಯ ನೀರನ್ನು ತೋಡಿಗೆ ಬಿಟ್ಟೆವು. ಒಂದೇ ದಿನ ಎಂದುಕೊಂಡದ್ದು ವಾರವಾಯಿತು. ಲೋಳೆ, ಸಕ್ಕರೆ ತುಂಬಿದ ಆ ನೀರು ಬ್ಯಾಕ್ಟೀರಿಯಾಕ್ಕೆ ಹಬ್ಬದೂಟ. ಅವು ಬೆಳೆದ ಭರಕ್ಕೆ ನೀರಿನಲ್ಲಿ ಕರಗಿದ್ದ ಆಮ್ಲಜನಕವೆಲ್ಲ ಖರ್ಚಾಗಿ ಮೀನುಗಳು ಉಸಿರುಕಟ್ಟಿ ತೇಲಿದವು. ಆಮೇಲೆ ಗಾಳಿ ಬೇಡದ ಜಾತಿಗಳು ತಲೆಯೆತ್ತಿ, ಕೊಳೆತ ಮೊಟ್ಟೆಯ ನಾತ. ಕೆಳಗಿನ ಅಡಿಕೆ ತೋಟದವರ ದನ ಆ ನೀರು ಮೂಸಿ ಹಿಂದೆ ಸರಿಯಿತು. ಅವರು ಬಂದು ಜಗಳವಾಡಲಿಲ್ಲ, ಒಂದು ಕೊಡ ನೀರು ತಂದು ನಮ್ಮ ಜಗಲಿಯ ಮೇಲಿಟ್ಟು ಹೋದರು.

ತೋಡಿನ ನೀರು ಹೊಳೆಗೆ, ಹೊಳೆ ಕಾವೇರಿಗೆ, ಕಾವೇರಿ ಕೃಷ್ಣರಾಜಸಾಗರಕ್ಕೆ. ಮೈಸೂರು ಕುಡಿಯುವುದು ಬಹುಪಾಲು ಕಾವೇರಿಯನ್ನೇ. ದಾರಿಯುದ್ದಕ್ಕೂ ಬೇರೆ ನೀರು ಸೇರಿ ನಮ್ಮ ಕೊಳೆ ತೆಳುವಾಗುತ್ತದೆ, ನಗರದಲ್ಲಿ ಶುದ್ಧೀಕರಣವೂ ಇದೆ, ನಿಜ. ಆದರೆ ಆ ಕೆಳಗಿನ ತೋಟದವರಿಗೆ ಯಾವ ಶುದ್ಧೀಕರಣವಿದೆ? 1974ರ ಜಲಮಾಲಿನ್ಯ ಕಾಯಿದೆ ನಮಗೂ ಅನ್ವಯವಾಗುತ್ತದೆ ಎಂಬುದು ಬೇರೆ ಮಾತು.

ಅದೇ ಜೀವಿಗಳನ್ನು ಸರಿಯಾದ ಜಾಗದಲ್ಲಿ ದುಡಿಸಬೇಕು. ಪಲ್ಪರ್ ನೀರನ್ನು ಅದೇ ದಿನ ಮತ್ತೆ ಬಳಸಿದರೆ ಕೊಳೆನೀರೇ ಕಡಿಮೆ. ಉಳಿದದ್ದನ್ನು ತೋಡಿನಿಂದ ದೂರ ಗುಂಡಿಯಲ್ಲಿ ನಿಲ್ಲಿಸಿ, ಸುಣ್ಣ ಹಾಕಿ ಹುಳಿ ಮುರಿದು, ಸೆಗಣಿ ಬಗ್ಗಡ ಬಿಡಬೇಕು. ಹಾಲಿಗೆ ಮೊಸರಿನಂತೆ ಈ ನೀರಿಗೆ ಸೆಗಣಿಯೇ ಹೆಪ್ಪು. ಆಳದ ಗುಂಡಿಯಲ್ಲಿ ಗಾಳಿ ಬೇಡದವು ಮೊದಲು ಕೆಲಸ ಮಾಡಲಿ, ಆಮೇಲೆ ಆಳವಿಲ್ಲದ ಗುಂಡಿಯಲ್ಲಿ ಗಾಳಿ ಬೇಕಾದವು ಮುಗಿಸಲಿ. ಸಿಪ್ಪೆ ಕಾಂಪೋಸ್ಟಿಗೆ.

ನಮ್ಮ ಆಳದ ಗುಂಡಿ ತೋಡಿ ಮುಗಿದಿದೆ, ಎರಡನೆಯದು ಅರ್ಧವಾಗಿದೆ. ಜಾಗ ಸಾಲದೆಂದಾಗ ಕೆಳಗಿನ ತೋಟದವರೇ ತಮ್ಮ ಬೇಲಿಯನ್ನು ಎರಡು ಮಾರು ಹಿಂದಕ್ಕೆ ಸರಿಸಿಕೊಟ್ಟಿದ್ದಾರೆ.