ಬೆಳಗಾವಿಯ ಓಟಗಾರ

ಪುರಾತನ ಗ್ರೀಕರು ಒಲಿಂಪಿಯದಲ್ಲಿ ಗೆದ್ದವನಿಗೆ ಮಾತ್ರವೇ ಎಲೆಯ ಕಿರೀಟವನ್ನು ತೊಡಿಸುತ್ತಿದ್ದರು. ಎರಡನೆಯವನಿಗೆ ಏನೂ ಇಲ್ಲ. ರೋಡ್ಸ್ ದ್ವೀಪದ ಲಿಯೊನಿದಾಸನು ಕ್ರಿ. ಪೂ. 164ರಿಂದ 152ರ ವರೆಗೆ ನಾಲ್ಕು ಉತ್ಸವಗಳಲ್ಲಿ ಓಡಿ ಅಂತಹ 12 ಕಿರೀಟಗಳನ್ನು ಗಳಿಸಿದನು.

ಆ ಲೆಕ್ಕದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರಿಗೆ ಸಲ್ಲುವುದೇನೂ ಇಲ್ಲ. 1920ರಲ್ಲಿ ಬೆಲ್ಜಿಯಂ ದೇಶದ ಆಂಟ್ವರ್ಪಿನಲ್ಲಿ ನಡೆದ ಮ್ಯಾರಥಾನ್ ಓಟದಲ್ಲಿ ಅವರು 19ನೆಯವರಾದರು. ಆದರೆ ವಾಚಕರು ದೂರವನ್ನು ನೋಡಬೇಕು: 42.75 ಕಿಲೋಮೀಟರು! ವಾಡಿಯಿಂದ ಚಿತ್ತಾಪುರದ ಮೇಲೆ ಸೇಡಮಿಗೆ ಹೋದರೆ ಹೆಚ್ಚುಕಡಿಮೆ ಅಷ್ಟಾದೀತು. ನಾವಾದರೆ ಬಂಡಿಯನ್ನು ಹೂಡಿಸುವೆವು. ಚೌಗುಲೆಯವರು ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಓಡಿ ಮುಗಿಸಿದರು. ಗೆದ್ದ ಫಿನ್ಲೆಂಡಿನ ಕೊಲೆಮೈನೆನ್ನನು ಅವರಿಗಿಂತ 18 ನಿಮಿಷ ಮುಂಚೆ ಗುರಿ ಮುಟ್ಟಿದ್ದನು. ಆ ವರ್ಷ ಭಾರತದಿಂದ ಹೋದ ಕ್ರೀಡಾಳುಗಳು ಆರೇ ಮಂದಿ. ಕಿರೀಟವಿಲ್ಲದ ಈ ಹೆಸರನ್ನು ಬೆಳಗಾವಿಯ ಹೊರಗೆ ಎಷ್ಟು ಮನೆಗಳಲ್ಲಿ ಬಲ್ಲರು?